ಎದೆಬಡಿತಕ್ಕೆ ಅಂಜದಿರುವ ಅಭ್ಯಾಸ

ಕೋಲಾರದ ಚಿನ್ನದ ಗಣಿಗಳ ಸಾಲಿನಲ್ಲಿ ಉತ್ತರದ ಕಡೆಗಿರುವ ನಂದಿದುರ್ಗದ ಗಣಿಯಲ್ಲಾಗಲಿ, ಅದರ ದಕ್ಷಿಣಕ್ಕೆ ಒಂದನ್ನೊಂದು ಹತ್ತಿಕೊಂಡಂತೆ ಇದ್ದ ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿಗಳಲ್ಲಾಗಲಿ, ಪಾಳಿಯ ಹೊತ್ತಿಗೆ ಸರಿಯಾಗಿ ಜೊತೆಗಾರರೊಡನೆ ಮೈಗೆ ಮೈ ತಾಗಿಸಿ ಕೇಜಿನಲ್ಲಿ ನಿಂತು ಭೂಗರ್ಭಕ್ಕೆ ಇಳಿಯುತ್ತಿದ್ದ ಕಾರ್ಮಿಕನ ದೇಹದಲ್ಲಿ ಏನೇನು ನಡೆಯುತ್ತಿದ್ದಿರಬೇಕೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಬಹುದು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು; ಅಷ್ಟು ಕೆಳಗೆ ಬಂಡೆಯ ಉಷ್ಣತೆಯೇ 60 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತಿತ್ತು. ಕಿವಿ ಗವ್ವೆನ್ನುವುದು, ಬೆವರು ಧಾರೆಯಾಗಿ ಇಳಿಯುವುದು, ಉಸಿರು ಬಿಸಿಯಾಗಿ ಭಾರವಾಗುವುದು, ಎದೆ ಢವಢವನೆ ಹೊಡೆದುಕೊಳ್ಳುವುದು, ಇವೆಲ್ಲ ಅಲ್ಲಿ ದುಡಿದವರಿಗೆ ದಿನನಿತ್ಯದ ಸಂಗತಿಗಳು. 1880 ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯವರು ಈ ಗಣಿಗಳಿಗೆ ಕೈಹಾಕಿದಂದಿನಿಂದ 2001 ರ ಫೆಬ್ರವರಿ 28 ರಂದು ಕೆಲಸ ನಿಲ್ಲುವವರೆಗೆ, ತಲೆಮಾರುಗಳ ಕಾಲ, ಸಾವಿರಾರು ಮಂದಿ ಆ ಸಂವೇದನೆಗಳನ್ನು ಹೊತ್ತುಕೊಂಡೇ ಕೆಳಗಿಳಿದರು, ಮೇಲೆ ಬಂದರು. ಅವರಿಗೆ ಭಯವಿರಲಿಲ್ಲವೆಂದಲ್ಲ. ಒತ್ತಡಕ್ಕೆ ಸಿಕ್ಕಿದ ಬಂಡೆ ಒಮ್ಮೆಲೇ ಸಿಡಿದು ಸುರಂಗವನ್ನು ಮುಚ್ಚುವ ಅಪಾಯವು ಸದಾ ಇದ್ದುದೇ. ಅದು ನಿಜವಾದ ಅಪಾಯ, ಅದರ ಭಯವೂ ನ್ಯಾಯವಾದ ಭಯ. ಆದರೆ ತನ್ನ ಎದೆಯ ಬಡಿತವನ್ನೇ ಕುರಿತು ಶಂಕಿಸುವ ಪ್ರಸಂಗ ಆ ಕಾರ್ಮಿಕನಿಗೆ ಸಾಮಾನ್ಯವಾಗಿ ಬರುತ್ತಿರಲಿಲ್ಲ. ಬಿಸಿ ಇದೆ, ದುಡಿಮೆ ಇದೆ, ಆದ್ದರಿಂದ ಎದೆ ಬಡಿಯುತ್ತಿದೆ: ಕಾರಣ ಕಣ್ಣೆದುರಿಗೇ ಇತ್ತು.

ಇದೇ ಬಡಿತ, ಇದೇ ಬೆವರು, ಇದೇ ಉಸಿರಿನ ಭಾರ ಯಾವ ಕಾರಣವೂ ಕಾಣದೆ, ಊಟ ಮುಗಿಸಿ ಕುರ್ಚಿಯಲ್ಲಿ ಕುಳಿತಿರುವಾಗಲೋ, ಬಂಗಾರಪೇಟೆಯ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಿರುವಾಗಲೋ, ನಡುರಾತ್ರಿ ನಿದ್ದೆಯಿಂದ ಎಬ್ಬಿಸಿಯೋ ಬಂದರೆ ಮನುಷ್ಯನ ಸ್ಥಿತಿ ಏನಾಗುವುದು? ಎದೆ ಒಡೆದುಹೋಗುವಂತೆ ಬಡಿಯುತ್ತದೆ, ಗಂಟಲು ಕಟ್ಟಿದಂತಾಗಿ ಎಷ್ಟು ಎಳೆದುಕೊಂಡರೂ ಗಾಳಿ ಸಾಲದೆನಿಸುತ್ತದೆ, ಕೈಬೆರಳುಗಳು ಜುಮ್ಮೆನ್ನುತ್ತವೆ, ಸುತ್ತಲಿನ ಲೋಕವೆಲ್ಲ ಪರದೆಯ ಆಚೆಗಿರುವಂತೆ ಅವಾಸ್ತವವಾಗಿ ತೋರುತ್ತದೆ. ಸತ್ತೇಹೋಗುತ್ತೇನೆ, ಇಲ್ಲವೆ ಹುಚ್ಚು ಹಿಡಿಯುತ್ತದೆ ಎಂಬ ಒಂದೇ ವಿಚಾರ ಮನಸ್ಸನ್ನೆಲ್ಲ ಆಕ್ರಮಿಸುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಜನ ಜೀವವೇ ಹೋದ ಹಾಗಾಯಿತು ಎನ್ನುತ್ತಾರೆ. ಈ ಆವೇಗವು ಕೆಲವೇ ನಿಮಿಷಗಳಲ್ಲಿ ತನ್ನ ಶಿಖರವನ್ನು ಮುಟ್ಟಿ ಅನಂತರ ತಾನಾಗಿಯೇ ಇಳಿಯತಕ್ಕದ್ದು. ಆಸ್ಪತ್ರೆಗೆ ಓಡಿದರೆ ಇ.ಸಿ.ಜಿ. ಸರಿಯಾಗಿದೆಯೆಂದು ಹೇಳಿ ಕಳುಹಿಸುತ್ತಾರೆ. ಆ ಮಾತಿನಿಂದ ಎರಡು ದಿನ ಸಮಾಧಾನ. ಮೂರನೆಯ ದಿನ ಮತ್ತೆ ಅದೇ ಶಂಕೆ.

ಈ ವ್ಯಾಧಿ ಹೊಸದೇನೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಹೃದಯದಲ್ಲಿ ಯಾವ ದೋಷವೂ ಕಾಣದಿದ್ದರೂ ಎದೆನೋವು, ಎದೆಬಡಿತ, ಉಸಿರುಗಟ್ಟುವಿಕೆಗಳಿಂದ ನರಳುತ್ತಿದ್ದ ಸೈನಿಕರನ್ನು ಪರೀಕ್ಷಿಸಿದ ಜೇಕಬ್ ಡ ಕೋಸ್ಟ ಎಂಬ ವೈದ್ಯರು 1871 ರಲ್ಲಿಯೇ ಆ ಲಕ್ಷಣಗಳನ್ನು ವಿವರಿಸಿ ಬರೆದರು. ಅವರು ಕಂಡವರಲ್ಲಿ ಕೆಲವರಿಗಾದರೂ ನಾವು ಈಗ ಹೇಳುತ್ತಿರುವ ತೊಂದರೆಯೇ ಇದ್ದಿರಬೇಕೆಂದು ಈಗಿನವರು ಭಾವಿಸುತ್ತಾರೆ. 1962 ರಲ್ಲಿ ಸಾಮಾನ್ಯ ಓದುಗರಿಗಾಗಿ ನರಗಳ ದೌರ್ಬಲ್ಯವನ್ನು ಕುರಿತು ಪುಸ್ತಕ ಬರೆದ ಆಸ್ಟ್ರೇಲಿಯದ ವೈದ್ಯೆ ಕ್ಲೇರ್ ವೀಕ್ಸ್ ಅವರು, ತಾನಾಗಿ ಬರುವ ಮೊದಲನೆಯ ಭಯ ಬೇರೆ, ಆ ಭಯವನ್ನು ಕಂಡು ಹುಟ್ಟುವ ಎರಡನೆಯ ಭಯ ಬೇರೆ ಎಂಬ ವಿವೇಕವನ್ನು ತಮ್ಮ ಬರಹಗಳಲ್ಲಿ ಕಾಣಿಸಿದರು. 1986 ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ ಅವರು ಈ ಎರಡನೆಯ ಭಯದ ಗತಿಯನ್ನು ಒಂದು ಚಕ್ರದ ರೂಪದಲ್ಲಿ ನಿರೂಪಿಸಿದರು. ದೇಹದಲ್ಲಿ ಏನೋ ಒಂದು ಸಣ್ಣ ವ್ಯತ್ಯಾಸವಾಗುವುದು. ಮನಸ್ಸು ಅದನ್ನು ಹೃದಯಾಘಾತದ ಮುನ್ಸೂಚನೆಯೆಂದು ಅರ್ಥ ಮಾಡುವುದು. ಆ ಅರ್ಥದಿಂದ ಭಯ ಹುಟ್ಟುವುದು. ಭಯದಿಂದ ಅಡ್ರಿನಲಿನ್ ಸುರಿದು ಎದೆ ಇನ್ನಷ್ಟು ಬಡಿಯುವುದು. ಆ ಬಡಿತವೇ ಮೊದಲಿನ ಅಪಾರ್ಥಕ್ಕೆ ಸಾಕ್ಷಿಯಾಗುವುದು. ಹೀಗೆ ಕ್ಷಣಾರ್ಧದಲ್ಲಿ ಚಕ್ರ ತಿರುಗಿ, ಮೆಟ್ಟಿಲು ಹತ್ತಿದುದರಿಂದಲೋ ಒಂದು ಲೋಟ ಕಾಫಿಯಿಂದಲೋ ಆರಂಭವಾದುದು ಮರಣಭಯದಲ್ಲಿ ಮುಗಿಯುತ್ತದೆ.

ಒಮ್ಮೆ ಹೀಗೆ ಬೆದರಿದವನು ಆಮೇಲೆ ತನ್ನ ದೇಹಕ್ಕೆ ತಾನೇ ಕಾವಲುಗಾರನಾಗುತ್ತಾನೆ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡಿಕೊಳ್ಳುತ್ತಾನೆ. ಎದೆ ಬಡಿಯುವಂತೆ ಮಾಡುವ ಯಾವುದೂ ಅವನಿಗೆ ಬೇಡ: ಕಾಫಿ ಬೇಡ, ಮೆಟ್ಟಿಲು ಬೇಡ, ಬಿಸಿನೀರಿನ ಸ್ನಾನದ ಹಬೆ ಬೇಡ, ಸಿನಿಮಾ ಮಂದಿರದ ಕತ್ತಲೆ ಬೇಡ. ನೋಡುವುದಕ್ಕೆ ನೀರಿನಂತೆ ತಿಳಿಯಾಗಿದ್ದು ನಾಲಗೆಗೆ ಬಿದ್ದೊಡನೆ ನೆತ್ತಿಯಲ್ಲಿ ಬೆವರೊಡೆಸುವ ಬಂಗಾರಪೇಟೆಯ ಪಾನಿಪುರಿ ಊರಿಗೆಲ್ಲ ಪ್ರಿಯವಾದುದಾದರೂ, ಆ ಬೆವರಿಗೆ ಹೆದರಿ ಇವನು ಅಂಗಡಿಯ ಕಡೆಗೆ ತಲೆಹಾಕುವುದಿಲ್ಲ. ಹೊರಗೆ ಹೋಗಲೇಬೇಕಾದರೆ ರಕ್ಷಾಕವಚಗಳನ್ನು ಕಟ್ಟಿಕೊಂಡು ಹೋಗುತ್ತಾನೆ: ಚೀಲದಲ್ಲಿ ನೀರಿನ ಬಾಟಲಿ, ಜೇಬಿನಲ್ಲಿ ಎಂದೂ ನುಂಗದ ಒಂದು ಮಾತ್ರೆ, ಕೈಯಲ್ಲಿ ಆಸ್ಪತ್ರೆಯ ನಂಬರು ಹಾಕಿಟ್ಟ ಮೊಬೈಲು, ಪಕ್ಕದಲ್ಲಿ ಯಾರಾದರೊಬ್ಬರು. ಈ ಕವಚಗಳಿಂದಾಗುವ ಹಾನಿ ಸೂಕ್ಷ್ಮವಾದುದು. ಏನೂ ಆಗದೆ ಮನೆಗೆ ಹಿಂದಿರುಗಿದಾಗ, ಅಪಾಯವೇ ಇರಲಿಲ್ಲವೆಂದು ಮನಸ್ಸು ಕಲಿಯುವುದಿಲ್ಲ. ಬಾಟಲಿ ಇದ್ದುದರಿಂದ ಬದುಕಿದೆನೆಂದು ಕಲಿಯುತ್ತದೆ. ಭಯಕ್ಕೆ ಸೋಲುವ ಅವಕಾಶವೇ ದೊರೆಯದೆ ಅದು ವರ್ಷಗಟ್ಟಲೆ ಸುಖವಾಗಿ ಬೆಳೆಯುತ್ತದೆ.

ಅನೇಕರ ಅನುಭವಗಳನ್ನು ಕೂಡಿಸಿ ಒಬ್ಬ ತರುಣನನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ಅವನ ತಾತ ನಂದಿದುರ್ಗದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಆ ಗಣಿಯೂರಿನ ಸಾವಿರಾರು ಮಂದಿ ಮಾಡಿಕೊಂಡಂತೆ ಇವನೂ ಬೆಳಗಿನ ಜಾವ ಎದ್ದು ಊರಿಗಾಂ ನಿಲ್ದಾಣದಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ಬರುವ ನೌಕರಿಯನ್ನು ಹಿಡಿದಿದ್ದಾನೆ. ಒಂದು ದಿನ ಮಾಲೂರು ದಾಟಿದ ಮೇಲೆ, ಕಾಲಿಡಲು ಸ್ಥಳವಿಲ್ಲದ ಬೋಗಿಯಲ್ಲಿ, ಅವನಿಗೆ ಈ ದಿಗಿಲು ಬಡಿಯಿತು. ಮುಂದಿನ ವಾರ ಬಾಗಿಲ ಬಳಿಯಲ್ಲದೆ ಬೇರೆಡೆ ನಿಲ್ಲಲಿಲ್ಲ. ಅದರ ಮುಂದಿನ ತಿಂಗಳು ರೈಲನ್ನೇ ಬಿಟ್ಟ. ಮಗನ ಮುಖ ಬಾಡಿದುದನ್ನು ಕಂಡ ತಾಯಿ, “ಬೇಡ ಕಣಪ್ಪ, ಇವತ್ತೊಂದು ದಿನ ರಜ ಹಾಕಿಬಿಡು” ಎನ್ನುತ್ತಾಳೆ. ಅಂತಃಕರಣದಿಂದ ಬಂದ ಮಾತೇ ಆದರೂ, ಪ್ರತಿಯೊಂದು ರಜೆಯೂ ಭಯದ ಪಾಲಿಗೆ ಒಂದೊಂದು ಜಯ.

ಇಂಥವನಿಗೆ ಧೈರ್ಯ ಹೇಳುವವರು ಬಹುಮಂದಿ. ಆದರೆ ಧೈರ್ಯವು ಉಪದೇಶದಿಂದ ಬರುವುದಾದರೆ ಇ.ಸಿ.ಜಿ.ಯ ಕಾಗದವೊಂದೇ ಸಾಕಾಗಿತ್ತು. ದೇಹದಿಂದ ಕಲಿತ ಭಯವನ್ನು ದೇಹದಿಂದಲೇ ಮರೆಯಬೇಕು. ಇದನ್ನು ಮನಗಂಡು, ಅಮೆರಿಕದ ಡೇವಿಡ್ ಬಾರ್ಲೋ, ಮಿಶೆಲ್ ಕ್ರಾಸ್ಕ್ ಮುಂತಾದ ಮನಶ್ಶಾಸ್ತ್ರಜ್ಞರು 1980 ರ ದಶಕದಲ್ಲಿ ಒಂದು ಚಿಕಿತ್ಸಾಕ್ರಮವನ್ನು ರೂಪಿಸಿದರು. ಕೇಳಿದ ಕೂಡಲೇ ವಿಪರೀತವೆನಿಸುವ ಕ್ರಮವದು. ರೋಗಿಯು ಯಾವ ಸಂವೇದನೆಗೆ ಹೆದರುತ್ತಾನೆಯೋ ಆ ಸಂವೇದನೆಯನ್ನೇ ಅವನು ಬೇಕೆಂದು, ತನ್ನ ಕೈಯಾರೆ, ಪುನಃ ಪುನಃ ಬರಮಾಡಿಕೊಳ್ಳಬೇಕು.

ಅದರ ಅಭ್ಯಾಸಗಳು ಬಲು ಸರಳ. ಒಂದು ನಿಮಿಷ ವೇಗವಾಗಿಯೂ ಆಳವಾಗಿಯೂ ಉಸಿರಾಡುವುದು ಮೊದಲನೆಯದು. ಹೀಗೆ ಮಾಡಿದಾಗ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡು ಕಡಮೆಯಾಗಿ, ಮಿದುಳಿನ ರಕ್ತನಾಳಗಳು ತುಸು ಸಂಕುಚಿತವಾಗಿ, ತಲೆ ಹಗುರಾಗುತ್ತದೆ. ರಕ್ತದ ಕ್ಷಾರಗುಣ ಹೆಚ್ಚುವುದರಿಂದ ಬೆರಳುಗಳೂ ತುಟಿಗಳೂ ಜುಮ್ಮೆನ್ನುತ್ತವೆ. ಗಾಳಿ ಸಾಲದೆಂಬ ಭಾವನೆ ಬಂದರೂ ಆಗ ರಕ್ತದಲ್ಲಿ ಆಮ್ಲಜನಕಕ್ಕೆ ಕೊರತೆಯಿರುವುದಿಲ್ಲ; ಉಸಿರು ಸಹಜಗತಿಗೆ ಬಂದೊಡನೆ ಎಲ್ಲವೂ ಸರಿಹೋಗುತ್ತದೆ. ಮೂಗನ್ನು ಹಿಡಿದುಕೊಂಡು ಸಣ್ಣ ಸ್ಟ್ರಾ ಒಂದರ ಮೂಲಕ ಸುಮಾರು ಎರಡು ನಿಮಿಷ ಉಸಿರಾಡಿದರೆ ಗಂಟಲು ಕಟ್ಟಿದ ಅನುಭವವುಂಟಾಗುತ್ತದೆ. ತಿರುಗುವ ಕುರ್ಚಿಯಲ್ಲಿ ಕುಳಿತು ಒಂದು ನಿಮಿಷ ಸುತ್ತಿದರೆ ಒಳಗಿವಿಯ ದ್ರವ ಅಲುಗಾಡಿ ತಲೆ ತಿರುಗುತ್ತದೆ. ನಿಂತಲ್ಲೇ ಓಡಿದರೆ ಎದೆ ಬಡಿಯುತ್ತದೆ. ಕನ್ನಡಿಯಲ್ಲಿ ತನ್ನ ಕಣ್ಣನ್ನೇ ರೆಪ್ಪೆ ಹೊಡೆಯದೆ ದಿಟ್ಟಿಸಿದರೆ ತನ್ನ ಮುಖವೇ ತನಗೆ ಅಪರಿಚಿತವೆನಿಸುವ ವಿಚಿತ್ರ ಅವಸ್ಥೆ ಬರುತ್ತದೆ. ಇವುಗಳಲ್ಲಿ ಯಾವುದು ಒಬ್ಬೊಬ್ಬರ ದಿಗಿಲಿಗೆ ಹೆಚ್ಚು ಹೋಲುವುದೋ ಅದೇ ಅವರವರಿಗೆ ತಕ್ಕ ಅಭ್ಯಾಸ.

ನಮ್ಮ ತರುಣನನ್ನು ಮನಶ್ಶಾಸ್ತ್ರಜ್ಞೆಯೊಬ್ಬರು ಎದುರಿಗೆ ಕೂರಿಸಿಕೊಂಡಿದ್ದಾರೆಂದು ಇಟ್ಟುಕೊಳ್ಳೋಣ. ಅಭ್ಯಾಸಕ್ಕೆ ಮೊದಲು ಅವನ ಭಯದ ಭವಿಷ್ಯವಾಣಿಯನ್ನು ಅವನ ಕೈಯಿಂದಲೇ ಬರೆಯಿಸುತ್ತಾರೆ. ಜೋರಾಗಿ ಉಸಿರಾಡಿದರೆ ಅರ್ಧ ನಿಮಿಷದಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತೇನೆ ಎಂದು ಅವನು ಬರೆಯುತ್ತಾನೆ. ಆ ನಂಬಿಕೆ ಎಷ್ಟರಮಟ್ಟಿಗೆಂದು ಕೇಳಿದರೆ ಹತ್ತಕ್ಕೆ ಒಂಬತ್ತು ಎನ್ನುತ್ತಾನೆ. ಇಬ್ಬರೂ ಕೂಡಿಯೇ ಉಸಿರಾಡಲು ತೊಡಗುತ್ತಾರೆ. ಅವನ ಹಣೆಯಲ್ಲಿ ಬೆವರು ಮೂಡುತ್ತದೆ. ಕೈ ತಾನಾಗಿ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯುತ್ತದೆ.

“ಈಗ ಏನನ್ನಿಸ್ತಿದೆ?”

“ತಲೆ ತಿರುಗ್ತಿದೆ ಮೇಡಂ. ಕೈಯೆಲ್ಲ ಜುಮ್ ಅಂತಿದೆ. ರೈಲಲ್ಲಿ ಆಗಿದ್ದೂ ಹೀಗೇ.”

“ಸರಿ, ಹಾಗಾದರೆ ಕುರ್ಚಿ ಬಿಟ್ಟು ಎದ್ದು ನಿಂತುಕೊಳ್ಳಿ. ಬೀಳ್ತೀರೋ ಇಲ್ಲವೋ ನೋಡಿಬಿಡೋಣ.”

ಅವನು ನಿಲ್ಲುತ್ತಾನೆ. ತೂಗಾಡಿದಂತೆ ಆಗುತ್ತದೆಯೇ ಹೊರತು ಬೀಳುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಜುಮ್ಮೆನ್ನುವುದು ತಗ್ಗುತ್ತದೆ. ಅದೇ ಕಾಗದದ ಮೇಲೆ, ಭವಿಷ್ಯವಾಣಿಯ ಕೆಳಗೆ, ನಡೆದುದೇನೆಂಬುದನ್ನು ಬರೆಯಿಸುತ್ತಾರೆ. ಮತ್ತೆ ಅದೇ ಅಭ್ಯಾಸ, ಮತ್ತೆ ಬರವಣಿಗೆ. ಒಂಬತ್ತು ಇದ್ದ ನಂಬಿಕೆ ಏಳಾಗುವುದು, ನಾಲ್ಕಾಗುವುದು. ತಲೆ ತಿರುಗುವುದು ಪ್ರತಿಸಲವೂ ಮೊದಲಿನಷ್ಟೇ ಇರಬಹುದು. ಅದಕ್ಕೆ ಅಂಟಿಕೊಂಡಿದ್ದ ಮೃತ್ಯುಶಂಕೆ ಮಾತ್ರ ಕಳಚಿಕೊಳ್ಳುತ್ತ ಬರುತ್ತದೆ. ದಿಗಿಲಿನಲ್ಲಿ ರಕ್ತದೊತ್ತಡವು ಸಾಧಾರಣವಾಗಿ ಏರುವುದೇ ಹೊರತು ಮೂರ್ಛೆಗೆ ಬೇಕಾಗುವಂತೆ ಕುಸಿಯುವುದಿಲ್ಲವೆಂಬ ಶಾಸ್ತ್ರವಾಕ್ಯವನ್ನು ಅವನಿಗೆ ಮೊದಲೇ ಹೇಳಿದ್ದರು; ಆಗ ಅದು ಕಿವಿಗೆ ಬಿದ್ದಿತ್ತು, ಈಗ ಕಾಲಿಗೆ ತಿಳಿಯಿತು.

ಈ ಅಭ್ಯಾಸದಲ್ಲಿ ಬಹುಮಂದಿ ದಾರಿ ತಪ್ಪುವ ಸ್ಥಾನವೊಂದುಂಟು. ಹಲ್ಲು ಕಚ್ಚಿಕೊಂಡು ಸಹಿಸಿ ಮುಗಿಸಿಬಿಟ್ಟರೆ ಆಯಿತೆಂದು ತಿಳಿದು, ಮನಸ್ಸಿನಲ್ಲೇ ಎಣಿಸುತ್ತ, ಜಪ ಮಾಡುತ್ತ, ಇಲ್ಲವೆ ನಡುನಡುವೆ ದೀರ್ಘಶ್ವಾಸದಿಂದ ತಮ್ಮನ್ನು ಶಮನಗೊಳಿಸಿಕೊಳ್ಳುತ್ತ ಅವರು ಕಾಲ ನೂಕುತ್ತಾರೆ. ಜಪವಾಗಲಿ ಪ್ರಾಣಾಯಾಮವಾಗಲಿ ತಮ್ಮ ತಮ್ಮ ಸ್ಥಾನದಲ್ಲಿ ಹಿತವಾದುವೇ. ಆದರೆ ಇಲ್ಲಿ ಅವು ನೀರಿನ ಬಾಟಲಿಯ ಪಾತ್ರವನ್ನೇ ವಹಿಸಿದರೆ, ಬದುಕಿದುದು ಅವುಗಳ ದೆಸೆಯಿಂದ ಎಂಬ ಪಾಠವೇ ಉಳಿದೀತು. ಸಂವೇದನೆ ಪೂರ್ಣಪ್ರಮಾಣದಲ್ಲಿ ಬಂದಾಗ ಅದನ್ನು ತಡೆಯದೆ, ತಗ್ಗಿಸದೆ, ಕುತೂಹಲದಿಂದ ನೋಡುತ್ತಿರಬೇಕು. ಭಯವನ್ನು ಆ ಕ್ಷಣದಲ್ಲಿ ಇಳಿಸುವುದಕ್ಕಿಂತ, ನಿರೀಕ್ಷಿಸಿದ ಅನಾಹುತ ನಡೆಯಲಿಲ್ಲವೆಂಬ ವಿಸ್ಮಯವನ್ನು ಮನಸ್ಸಿಗೆ ಉಂಟುಮಾಡುವುದು ಮುಖ್ಯವೆಂದು ಕ್ರಾಸ್ಕ್ ಮತ್ತು ಅವರ ಸಹೋದ್ಯೋಗಿಗಳು ಈಚಿನ ವರ್ಷಗಳಲ್ಲಿ ಒತ್ತಿ ಹೇಳುತ್ತಿದ್ದಾರೆ. ಹಳೆಯ ಭಯದ ಪಾಠವು ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಪಾಠ ಬರೆಯಲ್ಪಟ್ಟು, ಮೆಲ್ಲಮೆಲ್ಲನೆ ಅದಕ್ಕಿಂತ ಬಲವಾಗುತ್ತದೆ. ಆದುದರಿಂದಲೇ ಒಂದೇ ಕೊಠಡಿಯಲ್ಲಿ ಮಾಡಿದ ಅಭ್ಯಾಸ ಸಾಲದು. ಮನೆಯಲ್ಲಿ, ಒಬ್ಬನೇ ಇರುವಾಗ, ಬೀದಿಯಲ್ಲಿ, ದಣಿದ ದಿನ, ನಿದ್ದೆಗೆಟ್ಟ ದಿನ, ಹೀಗೆ ನಾನಾ ಸಂದರ್ಭಗಳಲ್ಲಿ ಮಾಡತಕ್ಕದ್ದು.

ಕೊಠಡಿಯಿಂದ ಹೊರಬಿದ್ದ ಮೇಲೆ ರೈಲಿನ ಸರದಿ. ಚಿನ್ನದ ಗಣಿಯ ಈ ಕವಲುಮಾರ್ಗವು ಸೋಪಾನಕ್ರಮದ ಅಭ್ಯಾಸಕ್ಕಾಗಿಯೇ ಹಾಕಿದಂತಿದೆ: ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ, ಬಂಗಾರಪೇಟೆ ಎಂದು ನಿಲ್ದಾಣಗಳು ಹತ್ತಿರ ಹತ್ತಿರವಾಗಿವೆ. ಮೊದಲು ಜನ ವಿರಳವಾಗಿರುವ ಹೊತ್ತಿನಲ್ಲಿ ಊರಿಗಾಂನಿಂದ ಕೋರಮಂಡಲದವರೆಗೆ ಒಂದೇ ನಿಲ್ದಾಣ. ಆಮೇಲೆ ಬಂಗಾರಪೇಟೆಯವರೆಗೆ. ಬಂಗಾರಪೇಟೆಯಲ್ಲಿ ಇಳಿದವನು ಹಾಗೆಯೇ ಪೇಟೆಗೆ ನಡೆದು ಒಂದು ಪ್ಲೇಟು ಪಾನಿಪುರಿ ತಿಂದು, ಮೂಗು ಕಣ್ಣುಗಳಲ್ಲಿ ನೀರು ಸುರಿಸಿಕೊಂಡು, ಆ ಬೆವರನ್ನು ಒರಸಿಕೊಳ್ಳದೆ ಹಿಂದಿರುಗಲಿ. ಅದೂ ಚಿಕಿತ್ಸೆಯ ಒಂದು ಭಾಗವೇ ಸರಿ. ಅನಂತರ ಬಾಗಿಲನ್ನು ಬಿಟ್ಟು ಬೋಗಿಯ ನಡುವೆ ನಿಂತು ಮಾಲೂರಿನವರೆಗೆ. ಕಡೆಗೆ, ಒಂದು ಲೋಟ ಗಟ್ಟಿ ಕಾಫಿ ಕುಡಿದು, ಬಾಟಲಿಯನ್ನೂ ಮಾತ್ರೆಯನ್ನೂ ಮನೆಯಲ್ಲಿ ಬಿಟ್ಟು, ಬೆಳಗಿನ ನೂಕುನುಗ್ಗಲಿನಲ್ಲಿ ಬೆಂಗಳೂರಿನವರೆಗೆ. ಮೆಟ್ಟಿಲುಗಳನ್ನು ಒಂದೊಂದಾಗಿಯೇ ಹತ್ತಬೇಕೆಂಬ ನಿರ್ಬಂಧವೇನೂ ಇಲ್ಲ. ಆದರೆ ಹತ್ತಿದ ಮೆಟ್ಟಿಲಿನಿಂದ ದಿಗಿಲಿನ ಶಿಖರದಲ್ಲಿಯೇ ಓಡಿ ಇಳಿಯಬಾರದು. ಇಳಿಯುವುದಾದರೆ ಮೊದಲು ಗೊತ್ತುಮಾಡಿಕೊಂಡ ನಿಲ್ದಾಣದಲ್ಲಿಯೇ ಇಳಿಯಬೇಕು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತುಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಎದೆಬಡಿತವೆಲ್ಲ ದಿಗಿಲಲ್ಲ, ಉಸಿರುಗಟ್ಟುವುದೆಲ್ಲ ಮನೋವ್ಯಾಧಿಯಲ್ಲ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವು ನಮ್ಮ ದೇಶದಲ್ಲಿ ಮೊದಮೊದಲು ಗುರುತಿಸಲ್ಪಟ್ಟ ಸ್ಥಳಗಳಲ್ಲಿ ಈ ಗಣಿಗಳೂ ಸೇರಿವೆ. ಗಣಿಯಲ್ಲಿ ದುಡಿದ ವೃದ್ಧರೊಬ್ಬರು ಏದುಸಿರು ಬಿಟ್ಟರೆ ಅವರಿಗೆ ಬೇಕಾದುದು ಶ್ವಾಸಕೋಶದ ಪರೀಕ್ಷೆ, ಧೈರ್ಯದ ಮಾತಲ್ಲ. ಎದೆನೋವು ಮೊದಲ ಸಲ ಬಂದಾಗ, ಅಥವಾ ಶ್ರಮಪಟ್ಟಾಗಲೆಲ್ಲ ಬಂದು ವಿಶ್ರಮಿಸಿದಾಗ ಹೋಗುವಾಗ, ನಿಜವಾಗಿಯೂ ಪ್ರಜ್ಞೆ ತಪ್ಪಿದಾಗ, ವಿಳಂಬ ಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಹೃದಯದ ಲಯದ ದೋಷಗಳು ದಿಗಿಲಿನ ವೇಷದಲ್ಲಿ ಬರುವುದುಂಟು. ಹೃದ್ರೋಗ, ಆಸ್ತಮ, ಅಪಸ್ಮಾರ, ಹತೋಟಿಗೆ ಬಾರದ ರಕ್ತದೊತ್ತಡ ಉಳ್ಳವರೂ ಗರ್ಭಿಣಿಯರೂ ಮೇಲೆ ಹೇಳಿದ ಅಭ್ಯಾಸಗಳನ್ನು ವೈದ್ಯರನ್ನು ಕೇಳದೆ ಮಾಡಬಾರದು. ಪರೀಕ್ಷೆ ಒಮ್ಮೆ ಸಮರ್ಪಕವಾಗಿ ಮುಗಿದ ಮೇಲೆ ಮಾತ್ರ, ವಾರಕ್ಕೊಂದು ಇ.ಸಿ.ಜಿ. ತೆಗೆಸುವ ಚಟವನ್ನೂ ಕವಚಗಳ ಪಟ್ಟಿಗೆ ಸೇರಿಸಿ ಬಿಟ್ಟುಬಿಡಬೇಕು. ಔಷಧಗಳಿಂದಲೂ ಈ ವ್ಯಾಧಿಗೆ ಉಪಶಮನವುಂಟು. ವೈದ್ಯರು ಕೊಟ್ಟುದನ್ನು ಅವರನ್ನು ಕೇಳದೆ ನಿಲ್ಲಿಸುವುದೂ, ಕೊಡದುದನ್ನು ಅಂಗಡಿಯಿಂದ ತಂದು ನುಂಗುವುದೂ ಸಮಾನವಾದ ಅವಿವೇಕ.

ಸಹಾಯಕ್ಕಾಗಿ ಬಹುದೂರ ಅಲೆಯಬೇಕಾದ ಕಾಲ ಇದಲ್ಲ. ಬೆಂಗಳೂರಿನಲ್ಲಿ 1954 ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ, 1974 ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ಈಗಿನ ರೂಪವನ್ನು ತಳೆದ ನಿಮ್ಹಾನ್ಸ್ ಸಂಸ್ಥೆ ಇದೆ. ಮಾನಸಿಕ ಚಿಕಿತ್ಸೆಯನ್ನು ನಗರದ ಗೋಡೆಗಳಿಂದ ಹೊರತಂದು ಜಿಲ್ಲೆಯ ಸಾಮಾನ್ಯ ಆಸ್ಪತ್ರೆಗಳಿಗೆ ಒಯ್ಯುವ ಪ್ರಯೋಗವನ್ನು ಅದು 1980 ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿತು. ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿಯೂ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮನೋವೈದ್ಯರನ್ನು ಕಾಣಬಹುದು. ಅಲ್ಲಿಗೆ ಹೋಗಲೂ ಹೆದರಿಕೆಯಾಗುವವರು 2022 ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕೇಳುವಾಗ, ಮಾತ್ರೆಯ ಜೊತೆಗೆ ಈ ಬಗೆಯ ಅಭ್ಯಾಸಚಿಕಿತ್ಸೆಯನ್ನು ಮಾಡಿಸುವವರು ಇದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಗುಣವಾಯಿತೆಂಬುದನ್ನು ಹೇಗೆ ತಿಳಿಯುವುದೆಂಬ ಪ್ರಶ್ನೆ ಉಳಿಯಿತು. ಮತ್ತೆಂದೂ ಎದೆ ಹೊಡೆದುಕೊಳ್ಳದಿರುವುದೇ ಗುಣವೆಂದು ಭಾವಿಸಿದವನು ಮೊದಲನೆಯ ಬಡಿತಕ್ಕೇ ನಿರಾಶನಾಗುವನು. ಏಕೆಂದರೆ ಜೀವವಿರುವ ಎದೆ ಒಮ್ಮೊಮ್ಮೆ ಜೋರಾಗಿ ಬಡಿದೇ ತೀರುವುದು. ಇಂದು ಬಡಿಯಿತೆ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಬಡಿದ ದಿನ ಏನು ಮಾಡಿದೆ ಎಂದು ಕೇಳಿಕೊಳ್ಳತಕ್ಕದ್ದು. ರೈಲು ಹತ್ತಿದೆ, ಕಚೇರಿಗೆ ಹೋದೆ, ಸಂಜೆ ಮನೆಗೆ ಬಂದು ಊಟಮಾಡಿದೆ ಎಂಬುದು ಉತ್ತರವಾದರೆ ಚಿಕಿತ್ಸೆ ಸಫಲವಾದಂತೆಯೇ.